ದಾಸೋಹದಲ್ಲಿ ಸೌಟು ಯಾರ ಕೈಯಲ್ಲಿ?

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನೇ ಗಮನಿಸಬೇಕು: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ಲೋಕವು ಕೀಳೆಂದ ಕಸುಬೇ ಶರಣಸಂಕುಲದಲ್ಲಿ ಬಿರುದಾಯಿತು. ಆಯ್ದಕ್ಕಿ ಲಕ್ಕಮ್ಮ-ಮಾರಯ್ಯ ದಂಪತಿಗಳು ಬಿದ್ದ ಅಕ್ಕಿಯನ್ನು ಆಯ್ದು ಬಾಳಿದ ಕಡುಬಡವರು. ಆದರೂ ಅವರು ದಾಸೋಹವನ್ನು ಬೇಡಿದವರಲ್ಲ, ಮಾಡಿದವರು. ಪತಿ ಒಂದು ದಿನ ಹೆಚ್ಚಿಗೆ ತಂದ ಅಕ್ಕಿಯನ್ನು ಲಕ್ಕಮ್ಮ ಮರಳಿ ಸುರಿದು ಬರಲು ಕಳುಹಿಸಿದಳು.

ಇಂದು ಅಂಗವಿಕಲರಿಗೆ ಸಮಾಜವು ನೀಡುತ್ತಿರುವುದು ಬಹುಮಟ್ಟಿಗೆ ಕನಿಕರವನ್ನೇ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರ ಸಂಖ್ಯೆ 13 ಲಕ್ಷಕ್ಕೂ ಅಧಿಕ. 2016ರ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4ರಷ್ಟು ಮೀಸಲಾತಿ ಇತ್ತಿದೆ. ಅದು ಸರ್ಕಾರದ ಮಾತಾಯಿತು. ಮಠಗಳ ಮಾತೇನು? ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕುತ್ತಾರೆ, ಸಂತೋಷವೇ. ಬಡಿಸುವ ಸೌಟು ಅವರ ಕೈಗೆ ಬರುವುದು ಅಪರೂಪ.

ಗದುಗಿನ ವೀರೇಶ್ವರ ಪುಣ್ಯಾಶ್ರಮವು ಬೇರೆಯೇ ದಾರಿ ಹಿಡಿಯಿತು. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರಿಗೆ ಅನ್ನದೊಡನೆ ಸಂಗೀತವಿದ್ಯೆಯನ್ನೂ ಇತ್ತರು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಆಶ್ರಮದ ಹೊಣೆ ಬಂದದ್ದು ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೆ, ಅವರೂ ಅಂಧರೇ. 2010ರವರೆಗೆ ನಾಡು ಅವರ ಪಾದಕ್ಕೆರಗಿತು, ಮರುಕದಿಂದಲ್ಲ, ಗುರುವೆಂದು. ಉಳಿದ ಮಠಗಳು ಪಾಠಶಾಲೆಯ ಗುರುಪೀಠವನ್ನೋ ಉಗ್ರಾಣದ ಲೆಕ್ಕವನ್ನೋ ಇಂಥವರಿಗೆ ಈ ವರ್ಷವೇ ಒಪ್ಪಿಸಲು ಅಡ್ಡಿಯೇನಿದೆ?