ಎಳೆಯರ ಮೈದಾನದಲ್ಲಿ ಹಿರಿಯರ ಸುಳ್ಳು

2016ರ ಅಕ್ಟೋಬರ್ 2ರಂದು ಗೋವಾದಲ್ಲಿ ಏಷ್ಯಾದ 16 ವರ್ಷದೊಳಗಿನ ಬಾಲಕರ ಫುಟ್ಬಾಲ್ ಚಾಂಪಿಯನ್‌ಶಿಪ್‌ನ ಅಂತಿಮ ಪಂದ್ಯ ನಡೆಯಿತು. ಎದುರಾಳಿಗಳು ಇರಾಕ್ ಮತ್ತು ಇರಾನ್. 1980ರಿಂದ 1988ರ ವರೆಗೆ ಪರಸ್ಪರರ ರಕ್ತ ಹರಿಸಿದ್ದ ಎರಡು ರಾಷ್ಟ್ರಗಳ ಮಕ್ಕಳು ಅಂದು ಒಂದು ಚೆಂಡಿಗಾಗಿ ಸೆಣಸಿದರು. ನಿಗದಿತ ಅವಧಿಯಲ್ಲಿ ಯಾರಿಗೂ ಗೋಲು ದಕ್ಕಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ 4-3ರಿಂದ ಇರಾಕ್ ಗೆದ್ದಿತು. ಈ ಪ್ರಶಸ್ತಿ ಆ ದೇಶಕ್ಕೆ ಬಂದುದು ಅದೇ ಮೊದಲು. ಎರಡು ವಾರಗಳ ಬಳಿಕ ಮೊಸೂಲ್ ನಗರವನ್ನು ಐಸಿಸ್‌ನ ಹಿಡಿತದಿಂದ ಬಿಡಿಸುವ ಯುದ್ಧ ಆರಂಭವಾಯಿತು. ಸಾವಿನ ಸುದ್ದಿಗಳನ್ನಷ್ಟೇ ಕೇಳುತ್ತಿದ್ದ ಒಂದು ಜನತೆಗೆ ಹದಿನಾರರ ಹುಡುಗರು ನಗುವಿಗೊಂದು ಕಾರಣ ಕೊಟ್ಟಿದ್ದರು.

ಆದರೆ ಈ ವಿಜಯಕ್ಕಿಂತಲೂ ಗಮನಾರ್ಹವಾದ ಘಟನೆಯೊಂದು ಅದಕ್ಕೆ ಕೆಲವೇ ವಾರಗಳ ಮುನ್ನ ನಡೆದಿತ್ತು. ವಿದೇಶ ಪ್ರಯಾಣಕ್ಕೆ ಹೊರಟಿದ್ದ ಇರಾಕಿನ ಇದೇ ವಯೋಮಾನದ ತಂಡವನ್ನು ಬಗ್ದಾದ್ ವಿಮಾನ ನಿಲ್ದಾಣದಲ್ಲಿ ತಡೆಯಲಾಯಿತು. ಹಲವು ಆಟಗಾರರ ಪಾಸ್‌ಪೋರ್ಟ್‌ಗಳು ನಕಲಿಯೆಂದು ಪತ್ತೆಯಾಯಿತು. ಕಿರಿಯರೆಂದು ತೋರಿಸಲು ಅವರ ವಯಸ್ಸನ್ನು ತಿದ್ದಲಾಗಿತ್ತು. ತಂಡವನ್ನೇ ವಿಸರ್ಜಿಸಲಾಯಿತು. ಕಹ್ತಾನ್ ಚಥೀರ್ ಎಂಬ ಹೊಸ ತರಬೇತುದಾರರು ಅಲ್ಪಾವಧಿಯಲ್ಲಿ ಬೇರೊಂದು ತಂಡವನ್ನು ಕಟ್ಟಿದರು. ಗೋವಾದಲ್ಲಿ ಕಪ್ ಎತ್ತಿದ್ದು ಆ ತಂಡ. ಹಾಗಾದರೆ ಮೊದಲಿನ ಸುಳ್ಳು ಯಾರಿಗೆ ಬೇಕಾಗಿತ್ತು? ಗೆಲ್ಲಬಲ್ಲ ಹುಡುಗರು ದೇಶದೊಳಗೇ ಇದ್ದಾಗ ಅವರನ್ನು ಬದಿಗಿಟ್ಟು ದಾಖಲೆ ತಿದ್ದುವ ಅಗತ್ಯವೇನಿತ್ತು?

ಹದಿಹರೆಯದಲ್ಲಿ ಒಂದೆರಡು ವರ್ಷಗಳ ಅಂತರವು ಸಣ್ಣದಲ್ಲ. ಹದಿನೈದರ ಹುಡುಗನ ಮುಂದೆ ಹದಿನೇಳರ ಹುಡುಗನನ್ನು ನಿಲ್ಲಿಸಿದರೆ ಎತ್ತರ, ತೂಕ, ವೇಗಗಳಲ್ಲೇ ಅರ್ಧ ಪಂದ್ಯ ತೀರ್ಮಾನವಾಗಿಬಿಡುತ್ತದೆ. ಗೆದ್ದರೆ ವಿಶ್ವಕಪ್‌ನ ಬಾಗಿಲು ತೆರೆಯುತ್ತದೆ. ತರಬೇತುದಾರನ ಹುದ್ದೆ ಉಳಿಯುತ್ತದೆ. ಪದಾಧಿಕಾರಿಗಳಿಗೆ ಸನ್ಮಾನ ದೊರೆಯುತ್ತದೆ. ಹುಡುಗನ ಮೇಲೆ ದೊಡ್ಡ ಕ್ಲಬ್‌ಗಳ ಕಣ್ಣು ಬೀಳುತ್ತದೆ. ಜನನ ಪತ್ರವನ್ನು ತಿದ್ದಿಸುವುದು, ಸಹಿ ಹಾಕುವುದು, ಮುದ್ರೆ ಒತ್ತುವುದು ಇವೆಲ್ಲ ದೊಡ್ಡವರ ಕೆಲಸ. ಹುಡುಗನ ಪಾಲಿಗೆ ಬರುವುದು ಆ ಸುಳ್ಳನ್ನು ಕಂಠಪಾಠ ಮಾಡಿಕೊಳ್ಳುವ ಕೆಲಸ ಮಾತ್ರ.

ಈ ಮೋಸದಲ್ಲಿ ನಷ್ಟ ಹೊಂದುವವನು ಯಾರ ಕಣ್ಣಿಗೂ ಬೀಳುವುದಿಲ್ಲ. ಕಳ್ಳತನವಾದರೆ ವಸ್ತು ಕಳೆದುಕೊಂಡವನು ದೂರು ಕೊಡುತ್ತಾನೆ. ಇಲ್ಲಿ ಸ್ಥಾನ ಕಳೆದುಕೊಂಡ ಹುಡುಗನಿಗೆ ತಾನು ವಂಚಿತನಾದೆನೆಂಬುದೇ ತಿಳಿಯುವುದಿಲ್ಲ. ತನಗೆ ಪ್ರತಿಭೆ ಸಾಲದೆಂದು ನಂಬಿಕೊಂಡು ಅವನು ಬೂಟುಗಳನ್ನು ಬಿಚ್ಚಿಡುತ್ತಾನೆ. ಇನ್ನು ಸ್ಥಾನ ಗಿಟ್ಟಿಸಿಕೊಂಡವನ ಗತಿಯೇನು? ನಾಲ್ಕೈದು ವರ್ಷಗಳಲ್ಲಿ ಉಳಿದವರೂ ಬೆಳೆದು ಅವನ ಎತ್ತರಕ್ಕೆ ಬರುತ್ತಾರೆ. ಆಗ ಕಸುಬು ಕಲಿಯದೆ ಬರಿಯ ಬಲವನ್ನು ನೆಚ್ಚಿದ್ದವನು ಹಿಂದೆ ಬೀಳುತ್ತಾನೆ. ಬಾಲಕರ ಟೂರ್ನಿಗಳಲ್ಲಿ ಮಿಂಚಿದ ಅನೇಕರು ಮುಂದೆ ಕಾಣಿಸದೇ ಹೋಗುವುದಕ್ಕೆ ಇದೂ ಒಂದು ಕಾರಣ.

ಇದನ್ನು ಯಾವುದೋ ಒಂದು ಸಮುದಾಯದ ಅಥವಾ ಒಂದು ಭೂಭಾಗದ ರೋಗವೆಂದು ಬಗೆಯುವವರು ಮೆಕ್ಸಿಕೋದ ಕತೆಯನ್ನು ಅರಿಯಬೇಕು. 1988ರಲ್ಲಿ ಉತ್ತರ ಮತ್ತು ಮಧ್ಯ ಅಮೆರಿಕ ವಲಯದ ಯುವಕರ ಅರ್ಹತಾ ಟೂರ್ನಿಯಲ್ಲಿ ವಯಸ್ಸು ಮೀರಿದ ನಾಲ್ವರನ್ನು ಆ ದೇಶ ಕಣಕ್ಕಿಳಿಸಿತ್ತು. ಫಿಫಾ ಎಲ್ಲ ಅಂತಾರಾಷ್ಟ್ರೀಯ ಸ್ಪರ್ಧೆಗಳಿಂದ ಮೆಕ್ಸಿಕೋವನ್ನು ಎರಡು ವರ್ಷ ಹೊರಗಿಟ್ಟಿತು. ಪರಿಣಾಮವಾಗಿ, ಈ ತಪ್ಪಿನಲ್ಲಿ ಯಾವ ಪಾಲೂ ಇಲ್ಲದ ಹಿರಿಯರ ತಂಡ 1990ರ ಇಟಲಿ ವಿಶ್ವಕಪ್‌ನ ಅವಕಾಶವನ್ನೇ ಕಳೆದುಕೊಂಡಿತು. ಇನ್ನೊಂದು ಕಡೆ, 1988ರಲ್ಲಿ ಏಷ್ಯಾದ ಚಾಂಪಿಯನ್ ಆದ ಸೌದಿ ಅರೇಬಿಯಾದ ಬಾಲಕರು 1989ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಆತಿಥೇಯರನ್ನೇ ಪೆನಾಲ್ಟಿಯಲ್ಲಿ ಸೋಲಿಸಿ ವಿಶ್ವಕಪ್ ಗೆದ್ದಾಗ ಅವರ ವಯಸ್ಸಿನ ಬಗ್ಗೆ ಗುಸುಗುಸು ಎದ್ದಿತು. ಆ ಪ್ರಶಸ್ತಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೂ ದಶಕಗಳ ಬಳಿಕವೂ ಆ ಮಾತು ನಿಂತಿಲ್ಲ. ಏಷ್ಯಾ, ಆಫ್ರಿಕಾದ ಹುಡುಗರು ಗೆದ್ದರೆ ಅನುಮಾನ, ಇತರರು ಗೆದ್ದರೆ ಅಭಿನಂದನೆ ಎಂಬ ಇಬ್ಬಗೆ ಖಂಡನೀಯ. ಅದೇ ವೇಳೆ, ನಮ್ಮವರು ತಿದ್ದುವ ಒಂದೊಂದು ಪಾಸ್‌ಪೋರ್ಟ್ ಕೂಡ ಈ ಅನುಮಾನಕ್ಕೆ ಸಾಕ್ಷಿ ಒದಗಿಸುತ್ತದೆ ಮತ್ತು ಪ್ರಾಮಾಣಿಕವಾಗಿ ಗೆದ್ದ ಹುಡುಗನೂ ಅದರ ಕಳಂಕವನ್ನು ಹೊರಬೇಕಾಗುತ್ತದೆ.

2009ರ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಫಿಫಾ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆಯನ್ನು ಜಾರಿಗೆ ತಂದಿತು. ಮೂಳೆಯ ಬೆಳವಣಿಗೆಯ ಭಾಗ ಪೂರ್ತಿ ಕೂಡಿಕೊಂಡಿದ್ದರೆ ಆ ಹುಡುಗ ಹದಿನೇಳನ್ನು ದಾಟಿರುವ ಸಾಧ್ಯತೆ ಬಹಳ ಹೆಚ್ಚು. 2023ರ ಆರಂಭದಲ್ಲಿ ನಡೆಯಲಿದ್ದ ಮಧ್ಯ ಆಫ್ರಿಕಾ ವಲಯದ ಬಾಲಕರ ಟೂರ್ನಿಗೆ ಮುನ್ನ ಕ್ಯಾಮರೂನ್ ತನ್ನ 30 ಆಟಗಾರರನ್ನು ಪರೀಕ್ಷಿಸಿದಾಗ 21 ಮಂದಿ ಅನುತ್ತೀರ್ಣರಾದರು. ಆ ದೇಶದ ಫುಟ್ಬಾಲ್ ಸಂಸ್ಥೆ ತನ್ನ ತಂಡದ ಈ ಸ್ಥಿತಿಯನ್ನು ತಾನೇ ಬಹಿರಂಗಪಡಿಸಿದ್ದು ಮೆಚ್ಚತಕ್ಕದ್ದು. ಹಾಗಂತ ಯಂತ್ರದಿಂದಲೇ ಎಲ್ಲವೂ ಸರಿಯಾಗುತ್ತದೆಂದು ಭಾವಿಸಬೇಕಿಲ್ಲ. ಎಲ್ಲರ ಮೂಳೆ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಯಂತ್ರ ನಿಖರ ಜನ್ಮದಿನವನ್ನು ಹೇಳುವುದೂ ಇಲ್ಲ. ಅದನ್ನು ಹೇಳಬೇಕಾದವರು ಹೆತ್ತವರು ಮತ್ತು ದಾಖಲೆ ಬರೆಯುವವರು.

ಈ ಮಾತು ನಮ್ಮ ಮನೆಗಳಿಗೂ ಅನ್ವಯವಾಗುತ್ತದೆ. ಇರಾಕ್‌ನಲ್ಲಿ ಹುಟ್ಟಿದ ದಿನ ಗೊತ್ತಿಲ್ಲದ ಹಳೆಯ ತಲೆಮಾರಿನ ಬಹಳಷ್ಟು ಮಂದಿಗೆ ಸರಕಾರಿ ಕಡತದಲ್ಲಿ ಜುಲೈ 1 ಜನ್ಮದಿನವಾಯಿತು. ನಮ್ಮ ಕರ್ನಾಟಕದಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟಿದ್ದಾರೆಂದು ಯಾವ ಶಾಲೆಯ ದಾಖಲಾತಿ ಪುಸ್ತಕವೂ ಹೇಳೀತು. ಅದು ತಿಳಿಯದ ಕಾಲದ ಅನಿವಾರ್ಯತೆ. ಅದನ್ನು ಮೋಸವೆನ್ನಲಾಗದು. ಆದರೆ ಆಸ್ಪತ್ರೆಯ ಜನನ ಪತ್ರವನ್ನು ಕೈಯಲ್ಲಿಟ್ಟುಕೊಂಡೇ ಒಂದೆರಡು ವರ್ಷ ಕಡಿಮೆ ಬರೆಸುವುದು, ಮುಂದೆ ನೌಕರಿಗೆ ಅನುಕೂಲವಾದೀತೆಂದು ಸಮಾಧಾನ ಹೇಳಿಕೊಳ್ಳುವುದು ಬೇರೆಯೇ ಸಂಗತಿ. ನಮ್ಮ ನಾಡಿನವರೇ ಆದ ರಾಹುಲ್ ದ್ರಾವಿಡ್ 2015ರ ಡಿಸೆಂಬರ್‌ನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡುತ್ತಾ ಕಿರಿಯರ ಕ್ರಿಕೆಟ್‌ನ ವಯೋವಂಚನೆಯನ್ನು ಕಟುವಾಗಿ ಟೀಕಿಸಿದ್ದರು. ಹೆತ್ತವರೇ ಮೋಸ ಕಲಿಸಿದರೆ ಆ ಮಗು ಮುಂದೆ ಭ್ರಷ್ಟನಾಗುವುದಿಲ್ಲವೇ ಎಂಬುದು ಅವರ ಆತಂಕದ ತಿರುಳಾಗಿತ್ತು. ಮೈದಾನ ಯಾವುದಾದರೇನು, ಪ್ರಶ್ನೆ ಅದೇ.

ಬಾಲಕರ ವಿಶ್ವಕಪ್ 2025ರಿಂದ 24ರ ಬದಲು 48 ತಂಡಗಳೊಂದಿಗೆ ವರ್ಷಕ್ಕೊಮ್ಮೆ ನಡೆಯುವಂತಾಗಿದೆ. ಅವಕಾಶ ಹೆಚ್ಚಿದಂತೆ ಆಮಿಷವೂ ಹೆಚ್ಚಲಿದೆ. ಆದ್ದರಿಂದ ದಾಖಲೆ ತಿದ್ದಿದ ಹುಡುಗನನ್ನು ಮಾತ್ರ ಮನೆಗಟ್ಟಿ, ತಿದ್ದಿಸಿದ ತರಬೇತುದಾರ ಮತ್ತು ಅಧಿಕಾರಿಯನ್ನು ಹುದ್ದೆಯಲ್ಲಿ ಉಳಿಸುವ ಪದ್ಧತಿ ಕೊನೆಗೊಳ್ಳಬೇಕು. ಶಿಕ್ಷೆ ಸುಳ್ಳು ಬರೆದವರಿಗೆ ಸಲ್ಲಬೇಕು. ಇನ್ನು ಹೆತ್ತವರ ಮಟ್ಟಿಗೆ ಹೇಳುವುದಾದರೆ, ಮಗುವಿನ ವಯಸ್ಸು ಅವರ ಕೈಯಲ್ಲಿರುವ ಒಂದು ಅಮಾನತ್. ಮಗ ಸೋತು ಮನೆಗೆ ಬಂದರೆ ಮರುವರ್ಷ ಮತ್ತೆ ಆಡಬಹುದು. ಆದರೆ ತನ್ನ ವಯಸ್ಸೆಷ್ಟೆಂದು ಯಾರಾದರೂ ಕೇಳಿದಾಗ ತಂದೆಯ ಮುಖ ನೋಡಿ ಉತ್ತರ ಹೇಳುವ ಸ್ಥಿತಿಯನ್ನು ಯಾವ ಮಗನಿಗೂ ತರಬಾರದು.