ಹಾಡಬೇಡ ಎಂದವರ ಬೆನ್ನ ಹಿಂದೆಯೇ ಹಾಡಿದರು!



ಪುಷ್ಯ ಮಾಸ ಹತ್ತಿರವಾದಂತೆ ನಮ್ಮ ಪ್ರೆಸ್ಸಿಗೆ ತ್ಯಾಗರಾಜರ ಆರಾಧನೆಯ ಆಹ್ವಾನ ಪತ್ರಿಕೆಗಳು ಬರುತ್ತವೆ. ಉದ್ಘಾಟಕರ ಹೆಸರು ದಪ್ಪಕ್ಷರದಲ್ಲಿ, ಅಧ್ಯಕ್ಷರ ಹೆಸರು ಇನ್ನೂ ದಪ್ಪಕ್ಷರದಲ್ಲಿ! ಪ್ರೂಫ್ ತಿದ್ದುವಾಗ ನಾನು ಒಂದು ಹೆಸರನ್ನು ಹುಡುಕುತ್ತೇನೆ, ಸಿಗುವುದಿಲ್ಲ. ಅದು ಬೆಂಗಳೂರು ನಾಗರತ್ನಮ್ಮ.

ಯಾರು ಈಕೆ? 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಕುಲದಲ್ಲಿ ಹುಟ್ಟಿದವರು. ಮೈಸೂರು, ಬೆಂಗಳೂರುಗಳಲ್ಲಿ ಕಲಿತು, ಮದರಾಸಿನಲ್ಲಿ ಹಾಡಿ ಹೆಸರು, ಹಣ ಎರಡನ್ನೂ ಗಳಿಸಿದವರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂದು ಗುರು ಬಿಡಾರಂ ಕೃಷ್ಣಪ್ಪನವರು ಪತ್ರ ಬರೆದರು. ನಾಗರತ್ನಮ್ಮ ಕೈಕಟ್ಟಿ ಕೂರಲಿಲ್ಲ. 1921ರಲ್ಲಿ ಕೆಲಸ ಶುರು ಮಾಡಿಸಿದರು. ಸ್ವಂತ ದುಡಿಮೆಯ ಹಣ ಸುರಿದು ಅಲ್ಲಿ ಗುಡಿ ಎಬ್ಬಿಸಿದರು.

ಆದರೆ ಆರಾಧನೆಯ ದಿನ? ಹೆಂಗಸರು ಅಲ್ಲಿ ಹಾಡುವಂತಿಲ್ಲ! ಉತ್ಸವ ನಡೆಸುತ್ತಿದ್ದ ಗಂಡಸರ ಎರಡು ಬಣಗಳಿಗೆ ಪರಸ್ಪರ ಆಗುತ್ತಿರಲಿಲ್ಲ. ಹೆಂಗಸರನ್ನು ಹೊರಗಿಡುವುದರಲ್ಲಿ ಮಾತ್ರ ಎರಡೂ ಒಂದೇ. ಗುಡಿ ಕಟ್ಟಲು ಆಕೆಯ ಹಣ ಬೇಕು, ಗುಡಿಯ ಮುಂದೆ ಆಕೆಯ ದನಿ ಬೇಡ! ಇದು ಯಾವ ನ್ಯಾಯ?

ನಾಗರತ್ನಮ್ಮ ಅಳುತ್ತಾ ಕೂರಲಿಲ್ಲ. 1927ರಲ್ಲಿ ಕಲಾವಿದೆಯರನ್ನು ಒಟ್ಟುಗೂಡಿಸಿ ತಮ್ಮದೇ ಬಣ ಕಟ್ಟಿದರು. ಜನ ಅದನ್ನು 'ಪೆಣ್ಗಳ್ ಕಚ್ಚಿ', ಅಂದರೆ ಹೆಂಗಸರ ಪಕ್ಷ ಎಂದರು. ಗಂಡಸರು ಸಮಾಧಿಯ ಮುಂದೆ ಹಾಡಿದರೆ ಇವರು ಹಿಂದುಗಡೆ ಹಾಡಿದರು. ಒಂದು ವರ್ಷವಲ್ಲ, ಹತ್ತು ವರ್ಷಕ್ಕೂ ಮಿಕ್ಕಿ. 1940ರ ಹೊತ್ತಿಗೆ ಮೂರೂ ಬಣ ಒಂದಾದವು, ಹೆಂಗಸರಿಗೆ ಬಾಗಿಲು ತೆರೆಯಿತು. ಅಷ್ಟಕ್ಕೇ ನಂಬಿ ಸುಮ್ಮನಾಗಲಿಲ್ಲ ಆ ತಾಯಿ. ಆಸ್ತಿಯನ್ನು ಗುಡಿಗೆ ಬರೆದಿಡುವಾಗ, ಹೆಂಗಸರಿಗೂ ಹಾಡುವ ಹಕ್ಕು ಇರಲೇಬೇಕೆಂದು ಉಯಿಲಿನಲ್ಲಿ ಷರತ್ತು ಹಾಕಿದರು. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಸನ್ನಿಧಿಯಲ್ಲೇ ಇದೆ.

ತರುಣರೇ, ಹಕ್ಕು ಕೇಳುವುದು ದೊಡ್ಡದಲ್ಲ. ಕೊಡುವುದಿಲ್ಲ ಎಂದಾಗ ಹತ್ತು ಜನರನ್ನು ಸೇರಿಸಿ, ಕೆಲಸ ನಿಲ್ಲಿಸದೆ, ಸಿಕ್ಕ ಹಕ್ಕನ್ನು ಕಾಗದದ ಮೇಲೆ ಭದ್ರ ಮಾಡುವುದು ದೊಡ್ಡದು. ನಂಜನಗೂಡಿನ ಹೆಣ್ಣುಮಗಳು ಅದನ್ನು ಮಾಡಿ ತೋರಿಸಿದರು.

ನಿಮ್ಮ ಬಡಾವಣೆಯಲ್ಲಿ ಆರಾಧನೆ ನಡೆದರೆ ಆಹ್ವಾನ ಪತ್ರಿಕೆಯಲ್ಲಿ ಆಕೆಯ ಹೆಸರಿಗೆ ಒಂದು ಸಾಲು ಕೊಡಿ. ಆ ಒಂದು ಸಾಲಿನ ಅಚ್ಚಿಗೆ ನಮ್ಮ ಪ್ರೆಸ್ಸಿನಲ್ಲಿ ಕಾಸು ಕೇಳುವುದಿಲ್ಲ!