ಪ್ರಮಾಣಪತ್ರ ಗೋಡೆಗೆ, ವಿದ್ಯೆ ಕೈಗೆ

ಕೂರಿಗೆ ಹಿಡಿಯುವುದನ್ನು ಕಲಿಸುವ ರೈತನು ಮಗನಿಂದ ಕೂರಿಗೆಯ ಭಾಗಗಳ ಹೆಸರುಗಳನ್ನು ಒಪ್ಪಿಸಿಕೊಳ್ಳುತ್ತ ಕೂಡುವುದಿಲ್ಲ. ಹೊಲಕ್ಕೆ ಕರೆದೊಯ್ದು ಸಾಲಿನಲ್ಲಿ ನಿಲ್ಲಿಸುತ್ತಾನೆ. ಸಾಲು ಸೊಟ್ಟಗಾದರೆ ಮಗನಿಗೆ ಬೇರೆ ಪರೀಕ್ಷಕನು ಬೇಕಾಗಿಲ್ಲ. ಬೆಳೆ ಮೊಳೆತ ಮೇಲೆ ದಾರಿಯಲ್ಲಿ ಹೋಗುವವರೆಲ್ಲರೂ ಪರೀಕ್ಷಕರೇ. ಕಂಪ್ಯೂಟರಿನ ವಿದ್ಯೆಯೂ ಇದೇ ಕುಲಕ್ಕೆ ಸೇರಿದ್ದು. ಅದು ಕೈಯ ವಿದ್ಯೆ. ಆದರೆ ಅದನ್ನು ಕಲಿಸುವ ತರಗತಿಗಳಲ್ಲಿ ಎಷ್ಟೋ ಕಡೆ ಕೈಗೆ ಬಿಡುವು, ಬಾಯಿಗೆ ದುಡಿತ!

ರೋಣ ಸೀಮೆಯ ಜಕ್ಕಲಿಯನ್ನೇ ತೆಗೆದುಕೊಳ್ಳಬಹುದು. ಕರ್ನಾಟಕದ ಏಕೀಕರಣಕ್ಕಾಗಿ ಹೆಣಗಿದ ಅಂದಾನಪ್ಪ ದೊಡ್ಡಮೇಟಿಯವರ ಊರು ಅದು. ಎರೆಭೂಮಿಯ ಸೀಮೆ, ಹೆಸರು, ಕಡಲೆ, ಜೋಳ ಅಲ್ಲಿಯ ಬದುಕು. ಇಂಥ ಊರುಗಳಿಗೆ ಕಂಪ್ಯೂಟರು ಪಟ್ಟಣದ ಬೆಡಗಾಗಿ ಬರಲಿಲ್ಲ, ಹೊಲದ ಕಾಗದವಾಗಿ ಬಂದಿತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ನಾಡಿನ ಸುಮಾರು 2 ಕೋಟಿ ಪಹಣಿಗಳು, ಎಂದರೆ ಈ ಕಡೆಯ ಮಾತಿನ ಉತಾರಗಳು, ಯಂತ್ರಕ್ಕೆ ಏರಿದವು. ಆಮೇಲೆ ಸರಕಾರಿ ನೌಕರರ ಸರದಿ: 2012ರಲ್ಲಿ ರಾಜ್ಯ ಸರಕಾರವು ನಿಯಮಗಳನ್ನೇ ರಚಿಸಿ, ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ವಿಧಿಸಿತು. ಈಚೆಗೆ ಸೊಸಾಯಿಟಿಗಳ ಸರದಿ. ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ಅಂಥ 63,000 ಸಂಘಗಳ ಲೆಕ್ಕಪತ್ರಗಳನ್ನು ಕಂಪ್ಯೂಟರಿಗೆ ತರಲು 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು. ಕೆಂಪು ವಸ್ತ್ರದ ಖಾತೆ ಪುಸ್ತಕಗಳು ಕಪಾಟು ಸೇರುವ ಕಾಲ ಬಂದಿತೆಂದು ಬೇರೆ ಹೇಳಬೇಕಾದ್ದಿಲ್ಲ.

ಹಾಗಾದರೆ ಆ ಯಂತ್ರದ ಮುಂದೆ ಕುಳಿತುಕೊಳ್ಳುವವರಾರು? ಪಿ.ಯು.ಸಿ. ಮುಗಿಸಿದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಂಡರೆ ಪ್ರಶ್ನೆ ಸ್ಪಷ್ಟವಾದೀತು. ಆ ಸಲದ ಹೆಸರು ಮಾರಿದ ಹಣದಲ್ಲಿ ತಂದೆಯು ಅವಳ ಫೀ ಕಟ್ಟಿದ್ದಾನೆ. ಆಕೆ ದಿನವೂ ಬಸ್ಸು ಹಿಡಿದು ಪಟ್ಟಣದ ತರಗತಿಗೆ ಹೋಗಿಬಂದು, ನೂರಾರು ಪ್ರಶ್ನೆಗಳನ್ನು ಉರುಹೊಡೆದು, ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ಪಡೆದಿದ್ದಾಳೆ. ಪ್ರಮಾಣಪತ್ರಕ್ಕೆ ಚೌಕಟ್ಟು ಕಟ್ಟಿಸಿ ಗೋಡೆಗೆ ತೂಗುಹಾಕಿದ್ದೂ ಆಗಿದೆ. ಸೊಸಾಯಿಟಿಯಲ್ಲಿ ಕೆಲಸ ಸಿಕ್ಕ ಮೊದಲನೆಯ ವಾರ ಸೆಕ್ರೆಟರಿಯವರು, “ತಂಗೀ, ನಮ್ಮ ಇನ್ನೂರು ಸದಸ್ಯರಿಗೂ ಅವರವರ ಬಾಕಿ ನಮೂದಿಸಿ ಕನ್ನಡದಾಗ ಒಂದೊಂದು ನೋಟೀಸು ತಗಿ ನೋಡೋಣ” ಎನ್ನುತ್ತಾರೆ. ಅಂಥ ಪತ್ರಗಳನ್ನು ಒಮ್ಮೆಗೇ ಸಿದ್ಧಪಡಿಸುವ ವಿಧಾನಕ್ಕೆ ‘ಮೇಲ್ ಮರ್ಜ್’ ಎಂಬ ಹೆಸರಿದೆಯೆಂದು ಅವಳು ಬಲ್ಲಳು. ನಾಲ್ಕು ಉತ್ತರಗಳಲ್ಲಿ ಅದಕ್ಕೆ ಗುರುತು ಹಾಕಿ ಅಂಕವನ್ನೂ ಗಳಿಸಿದ್ದಾಳೆ. ಆದರೆ ಒಂದು ಸಲವೂ ಮಾಡಿ ನೋಡಿಲ್ಲ. ಆ ಗಳಿಗೆಯಲ್ಲಿ ಅವಳ ಕೈ ನಡುಗಿದರೆ ತಪ್ಪು ಅವಳದೇ?

ಪಠ್ಯಕ್ರಮವನ್ನು ದೂರಿ ಪ್ರಯೋಜನವಿಲ್ಲ. ‘ನೈಲಿಟ್’ ಎಂಬ ಕೇಂದ್ರ ಸಂಸ್ಥೆಯ ‘ಸಿ.ಸಿ.ಸಿ.’ ಎಂಬ ಪ್ರಾಥಮಿಕ ಕೋರ್ಸನ್ನು ನೋಡಿರಿ. ಒಟ್ಟು 80 ಗಂಟೆ. ಅದರಲ್ಲಿ ಪಾಠಕ್ಕೆ 25, ಚರ್ಚೆಗೆ 5, ಕೈಯಾರೆ ಮಾಡುವ ಅಭ್ಯಾಸಕ್ಕೆ 50. ಕೋರ್ಸು ರಚಿಸಿದವರ ಮನಸ್ಸು ಎಲ್ಲಿತ್ತೆಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಆದರೆ ಕೊನೆಯ ಪರೀಕ್ಷೆ 90 ನಿಮಿಷಗಳಲ್ಲಿ ಉತ್ತರಿಸಬೇಕಾದ 100 ವಸ್ತುನಿಷ್ಠ ಪ್ರಶ್ನೆಗಳದು. ಲಕ್ಷಾಂತರ ಜನರಿಗೆ ಒಂದೇ ಬಗೆಯ ಪರೀಕ್ಷೆ ನಡೆಸಬೇಕಾದಾಗ ಇದು ಅನಿವಾರ್ಯವಿರಬಹುದು. ಪರಿಣಾಮ ಮಾತ್ರ ಊಹಿಸಿದಂಥದೇ: ಪರೀಕ್ಷೆ ಯಾವುದನ್ನು ಕೇಳುತ್ತದೆಯೋ ತರಗತಿ ಅತ್ತ ವಾಲುತ್ತದೆ. 50 ಗಂಟೆಗಳ ಅಭ್ಯಾಸ ಕಾಗದದ ಮೇಲೆ ಉಳಿದು, ಪ್ರಶ್ನೋತ್ತರದ ತೆಳು ಪುಸ್ತಕ ಮೇಜಿನ ಮೇಲೆ ಬಂದು ಕೂಡುತ್ತದೆ.

ಬೇರೆ ದಾರಿಯೇ ಇಲ್ಲವೆಂದಲ್ಲ. ಲಿನಕ್ಸ್ ವ್ಯವಸ್ಥೆಯನ್ನು ನಡೆಸಬಲ್ಲ ಎಂಜಿನಿಯರರಿಗಾಗಿ ರೆಡ್ ಹ್ಯಾಟ್ ಎಂಬ ಅಮೆರಿಕದ ಸಂಸ್ಥೆಯು 1999ರಿಂದ ನಡೆಸುತ್ತಿರುವ ಪರೀಕ್ಷೆಯಲ್ಲಿ ಅಭ್ಯರ್ಥಿಗೆ ಯಂತ್ರವನ್ನೇ ಒಪ್ಪಿಸುತ್ತಾರೆ. ಹೇಳಿದ ಕೆಲಸಗಳನ್ನು ಅದರಲ್ಲಿ ಮಾಡಿಟ್ಟು ಅವನು ಎದ್ದು ಹೋಗಬೇಕು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ ಮೇಲೂ ಅವನು ಮಾಡಿದ ಏರ್ಪಾಡು ನಿಂತಿರಬೇಕು. ಅಂಕ ಬರುವುದು ಆಗ ಮಾತ್ರ. ಕೂರಿಗೆಯ ಸಾಲಿನ ಪರೀಕ್ಷೆಗೂ ಇದಕ್ಕೂ ಹೆಚ್ಚು ಭೇದವಿಲ್ಲ.

ಸಣ್ಣ ಊರಿನ ಮಾಸ್ತರರು ಪರೀಕ್ಷೆಯ ಪದ್ಧತಿಯನ್ನು ಬದಲಿಸಲಾರರು. ಆದರೆ ವಿದ್ಯಾರ್ಥಿಗಳ ಮುಂದೆ ಯಾವ ಪುಸ್ತಕವನ್ನಿಡಬೇಕೆಂಬುದು ಅವರ ಕೈಯಲ್ಲಿದೆ. ತರಗತಿಯ ಹಣೆಬರಹವನ್ನು ಅರ್ಧಕ್ಕಿಂತ ಹೆಚ್ಚು ಬರೆಯುವುದು ಈ ಆಯ್ಕೆಯೇ. ಹಾಗೆ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು.

ಪುಸ್ತಕವು ಯಾವ ಪಠ್ಯಕ್ರಮದ್ದು ಎಂಬುದು ಮೊದಲನೆಯದು. 2019ರಲ್ಲಿ ನೈಲಿಟ್ ತನ್ನ ಸಿ.ಸಿ.ಸಿ. ಪಠ್ಯವನ್ನು ಪರಿಷ್ಕರಿಸಿ, ಬೆಲೆ ಕೊಡದೆ ದೊರೆಯುವ ಲಿಬ್ರೆ ಆಫೀಸನ್ನು ಅದರಲ್ಲಿ ಸೇರಿಸಿತು. ಅದಕ್ಕಿಂತ ಹಿಂದಿನ ಪುಸ್ತಕವನ್ನು ಅರ್ಧ ಬೆಲೆಗೆ ಕೊಂಡವರು ಅರ್ಧ ಬೆಲೆಯನ್ನೂ ಕಳೆದುಕೊಂಡಂತೆಯೇ. ಬಡ ತರಗತಿಗೆ ಈ ಬದಲಾವಣೆಯಿಂದ ಒಂದು ಉಪಕಾರವೂ ಆಗಿದೆ. ತರಗತಿಯಲ್ಲಿ ಕಲಿತ ಅದೇ ಸಾಧನವನ್ನು ಹುಡುಗಿಯು ಮನೆಯ ಹಳೆಯ ಯಂತ್ರದಲ್ಲಿಯೂ ಕಾಸು ಖರ್ಚಿಲ್ಲದೆ, ಕಳವಿಲ್ಲದೆ ಹಾಕಿಕೊಳ್ಳಬಹುದು.

ಪುಸ್ತಕದ ಚಿತ್ರವೂ ಯಂತ್ರದ ಪರದೆಯೂ ಒಂದೇ ಇವೆಯೇ ಎಂಬುದು ಎರಡನೆಯ ಪ್ರಶ್ನೆ. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಮೈಕ್ರೋಸಾಫ್ಟ್ ಸಂಸ್ಥೆಯು 2007ರ ಆಫೀಸಿನಲ್ಲಿ ಹಳೆಯ ಮೆನುಗಳನ್ನು ತೆಗೆದು ‘ರಿಬ್ಬನ್’ ಎಂಬ ಹೊಸ ಪಟ್ಟಿಯನ್ನು ತಂದಾಗ ಹಳೆಯ ಪುಸ್ತಕಗಳ ಪುಟ ಪುಟವೂ ಸುಳ್ಳಾಯಿತು. ಹೊಸಬನಿಗೆ ಆ ಸುಳ್ಳು ತಿಳಿಯದು. “ಸರ, ಪುಸ್ತಕದಾಗ ಐತಿ, ಇದರಾಗ ಆ ಬಟನ್ನ ಇಲ್ಲ” ಎಂದು ಅವನು ಕೈ ಎತ್ತುತ್ತಾನೆ. ಅಂಥ ಇಪ್ಪತ್ತು ಕೈಗಳು ಎದ್ದರೆ ಆ ದಿನದ ಪಾಠ ಮುಗಿದಂತೆಯೇ. ಆದ್ದರಿಂದ ಪುಸ್ತಕ ಕೊಳ್ಳುವ ಮೊದಲು ಮಾಸ್ತರರು ಅದರ ಮೂರು ಅಭ್ಯಾಸಗಳನ್ನು ತಮ್ಮ ತರಗತಿಯ ಯಂತ್ರದಲ್ಲಿಯೇ, ಪುಸ್ತಕ ಹೇಳಿದಂತೆ, ತಮ್ಮ ಜಾಣತನವನ್ನು ಬದಿಗಿಟ್ಟು ಮಾಡಿ ನೋಡುವುದು ಲೇಸು. ಎಲ್ಲಿ ತಾವು ತಡವರಿಸುವರೋ ಅಲ್ಲಿ ವಿದ್ಯಾರ್ಥಿಯು ನಿಂತೇ ಬಿಡುವನು.

ಮೂರನೆಯದು ಕನ್ನಡದ ಪ್ರಶ್ನೆ. ಹೊರಗಿನಿಂದ ಬಂದ ಎಷ್ಟೋ ಪುಸ್ತಕಗಳು ಇದನ್ನು ಮುಟ್ಟುವುದೇ ಇಲ್ಲ. ಹಳ್ಳಿಯ ಕಚೇರಿಯಲ್ಲಿ ಹುಟ್ಟುವ ಕಾಗದ ಕನ್ನಡದ್ದು. ಕನ್ನಡ ಬೆರಳಚ್ಚು ಬಾರದವನ ಪ್ರಮಾಣಪತ್ರ ಅಲ್ಲಿ ಅರ್ಧದ್ದು. ಕನ್ನಡವನ್ನು ಒತ್ತುವ ಕೀಲಿಮಣೆಗಳಾದರೂ ಒಂದಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಒಂದು ಬಗೆ. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ಇನ್ನೊಂದು. ‘ಜಕ್ಕಲಿ’ ಎಂಬ ಊರಿನ ಹೆಸರನ್ನೇ ಬರೆಯಬೇಕಾದರೆ ಮೊದಲನೆಯದರಲ್ಲಿ ಜೆ, ಕೆ, ಎಫ್, ಕೆ, ಎಲ್, ಐ ಎಂಬ ಆರು ಕೀಲಿಗಳನ್ನು ಒತ್ತಬೇಕು. ಇನ್‌ಸ್ಕ್ರಿಪ್ಟಿನಲ್ಲಿ ಅದೇ ಹೆಸರಿಗೆ ಪಿ, ಕೆ, ಡಿ, ಕೆ, ಎನ್, ಎಫ್. ಒಂದರಲ್ಲಿ ಒತ್ತಕ್ಷರಕ್ಕೆ ಕೊಂಡಿಯಾಗುವ ಎಫ್ ಕೀಲಿ ಇನ್ನೊಂದರಲ್ಲಿ ಗುಡಿಸಾಗುತ್ತದೆ! ಪುಸ್ತಕ ಒಂದನ್ನು ಹೇಳಿ ಯಂತ್ರದಲ್ಲಿ ಇನ್ನೊಂದಿದ್ದರೆ ಹುಡುಗರು ತಮ್ಮ ಊರಿನ ಹೆಸರನ್ನೇ ತಪ್ಪು ಬರೆಯುವರು.

ಇದರ ಬೆನ್ನಿಗೇ ಅಕ್ಷರಗಳ ಸಂಗ್ರಹದ ವಿಚಾರವಿದೆ. ಹಳೆಯ ಪದ್ಧತಿಯಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂಡಿಸುತ್ತಿದ್ದರು. ಆ ಅಚ್ಚಿನ ಫಾಂಟು ಇರುವ ಯಂತ್ರದಲ್ಲಿ ಪತ್ರ ಮುತ್ತಿನಂತೆ ಕಾಣುವುದು; ಅದಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳ ಸಾಲು. ಯೂನಿಕೋಡ್ ಪದ್ಧತಿಯಾದರೋ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಸಂಖ್ಯೆಯನ್ನು ಕೊಡುತ್ತದೆ. ಹೀಗಾಗಿ ಜಕ್ಕಲಿಯಲ್ಲಿ ಬರೆದ ಪತ್ರ ಗದಗಿನಲ್ಲಿಯೂ ಬೆಂಗಳೂರಿನಲ್ಲಿಯೂ ಪತ್ರವಾಗಿಯೇ ತೆರೆಯುವುದು. ಈ ಭೇದವನ್ನು ಎರಡು ಪುಟಗಳಲ್ಲಿ ವಿವರಿಸಿ, ಹಳೆಯ ಕಡತವನ್ನು ಹೊಸದಕ್ಕೆ ಪರಿವರ್ತಿಸುವ ಒಂದು ಅಭ್ಯಾಸವನ್ನು ಕೊಡುವ ಪುಸ್ತಕ ಹತ್ತು ದಪ್ಪ ಗೈಡುಗಳಿಗಿಂತ ಮೇಲು. ಕನ್ನಡ ನಾಡು ಒಂದಾಗಲೆಂದು ದುಡಿದವರ ಊರಿನಲ್ಲಿ ಕನ್ನಡದ ಪತ್ರ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಕೆಟ್ಟುಹೋಗಬಾರದಷ್ಟೆ.

ನಾಲ್ಕನೆಯ ಪ್ರಶ್ನೆ ಎಲ್ಲಕ್ಕೂ ಮುಖ್ಯವಾದದ್ದು: ಅಭ್ಯಾಸ ಮುಗಿದಾಗ, ಅದು ಸರಿಯಾಯಿತೋ ಇಲ್ಲವೋ ಎಂಬುದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುವುದೇ? ಐ.ಟಿ.ಐ.ಗಳ ‘ಕೋಪಾ’ ಎಂಬ ಕಂಪ್ಯೂಟರ್ ವೃತ್ತಿ ತರಬೇತಿಗೆ ಚೆನ್ನೈಯ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆಯು ಸಿದ್ಧಾಂತದ ಪುಸ್ತಕವನ್ನೇ ಬೇರೆ, ಪ್ರಯೋಗದ ಪುಸ್ತಕವನ್ನೇ ಬೇರೆ ಮಾಡಿ ಪ್ರಕಟಿಸುತ್ತದೆ. ಈ ವಿಂಗಡಣೆಯಲ್ಲಿ ವಿವೇಕವಿದೆ. ಆದರೆ ಒಳ್ಳೆಯ ಪ್ರಯೋಗ ಪುಸ್ತಕಕ್ಕೂ ಊರಿನ ಮಣ್ಣು ತುಸು ಹತ್ತಬೇಕು. ಪುಸ್ತಕದಲ್ಲಿ ಯಾವುದೋ ದೂರದ ಕಂಪನಿಯ ಮಾರಾಟದ ಪಟ್ಟಿಯಿದ್ದರೆ, ಮಾಸ್ತರರು ಅದರ ಜಾಗದಲ್ಲಿ ಇಪ್ಪತ್ತು ರೈತರು ಮಾರಿದ ಹೆಸರಿನ ತೂಕ, ದರ, ಹಮಾಲಿ, ಕೈಗೆ ಬಂದ ಹಣ ಇವುಗಳ ಪಟ್ಟಿಯನ್ನಿಡಲಿ. ಆ ಲೆಕ್ಕ ತಪ್ಪಿದರೆ ಹುಡುಗರಿಗೆ ಒಡನೆಯೇ ತಿಳಿಯುತ್ತದೆ. ಮನೆಯಲ್ಲಿ ದಿನವೂ ಕೇಳುವ ಲೆಕ್ಕವದು.

ಅದರಲ್ಲಿಯೇ ಒಂದು ಸಣ್ಣ ಬಲೆಯನ್ನೂ ಒಡ್ಡಬಹುದು. ಒಬ್ಬ ರೈತನ ಮುಂದೆ 5000 ಎಂದು ಬರೆಯುವ ಬದಲು ‘5000 ರೂ.’ ಎಂದು ಬರೆದಿಡಬೇಕು. ಯಂತ್ರವು ಅದನ್ನು ಸಂಖ್ಯೆಯೆಂದು ತಿಳಿಯದೆ ಬರಿಯ ಅಕ್ಷರವೆಂದೇ ಭಾವಿಸುತ್ತದೆ. ಒಟ್ಟು ಮೊತ್ತದಲ್ಲಿ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಪರದೆಯ ಮೇಲೆ ತಪ್ಪಿನ ಸೂಚನೆ ಯಾವುದೂ ಕಾಣದು. “ಒಟ್ಟು ಸರಿ ಇದೆಯೇ?” ಎಂದಷ್ಟೇ ಮಾಸ್ತರರು ಕೇಳಿ ಸುಮ್ಮನಿರಬೇಕು. ಹುಡುಕಿ ಹುಡುಕಿ ಆ ಸಾಲನ್ನು ಕಂಡುಹಿಡಿದ ಹುಡುಗಿಯು ಮುಂದೆ ಸೊಸಾಯಿಟಿಯ ಬಾಕಿ ಪಟ್ಟಿಯಲ್ಲಿ ಯಾವನೊಬ್ಬನ ಹಣವನ್ನೂ ಕಳೆಯಲಾರಳು. ಯಂತ್ರ ತಪ್ಪು ಮಾಡದೆಂಬ ಮೂಢಭಕ್ತಿಯೂ ಅಂದೇ ಬಿಡುತ್ತದೆ.

ತರಗತಿಯ ನಡೆಯೂ ಪುಸ್ತಕದ ಈ ಗುಣಕ್ಕೆ ಹೊಂದಬೇಕು. ಮಾಸ್ತರರು ತಾವೇ ಮೌಸ್ ಹಿಡಿದು ಗಂಟೆಗಟ್ಟಲೆ ತೋರಿಸಿದರೆ ಅದು ಬಯಲಾಟ ನೋಡಿದಂತೆ, ನೋಡಿದವರೆಲ್ಲ ಕುಣಿಯಲಾರರು. ಹತ್ತು ನಿಮಿಷ ತೋರಿಸಿ ನಲವತ್ತು ನಿಮಿಷ ಮಾಡಿಸುವುದು ಹಿತ. ಒಂದು ಯಂತ್ರಕ್ಕೆ ಇಬ್ಬರಿದ್ದರೆ ಒಬ್ಬರು ಬಾಯಿಂದ ಹೇಳಬೇಕು, ಇನ್ನೊಬ್ಬರು ಕೈಯಿಂದ ಮಾಡಬೇಕು; ಅರ್ಧ ಗಂಟೆಗೆ ಜಾಗ ಬದಲು. ಇಲ್ಲವಾದರೆ ಚುರುಕಿನವನು ಕೀಲಿಮಣೆಯನ್ನು ಬಿಡುವುದಿಲ್ಲ, ಸಂಕೋಚದವಳು ಅದನ್ನು ಮುಟ್ಟುವುದೇ ಇಲ್ಲ. ಕರೆಂಟು ಹೋದ ದಿನಕ್ಕೂ ಪಾಠವಿರಬೇಕು: ಕೆಟ್ಟ ಹಳೆಯ ಯಂತ್ರವೊಂದರ ಹೊದಿಕೆ ಬಿಚ್ಚಿ, ಮೆಮರಿ ಎಲ್ಲಿದೆ, ಡಿಸ್ಕು ಎಲ್ಲಿದೆ ಎಂದು ತೆಗೆದು ಜೋಡಿಸುವುದು. ಇಂಟರ್‌ನೆಟ್ಟಿಲ್ಲದೆ ತೆರೆಯದ ಪಾಠಸಾಮಗ್ರಿಯನ್ನೇ ನಂಬಿದ ತರಗತಿ ಹಳ್ಳಿಯಲ್ಲಿ ಬಹುದಿನ ನಡೆಯದು.

ಹಾಗೆಂದು ಪ್ರಶ್ನೋತ್ತರದ ಪುಸ್ತಕವನ್ನು ಹೊರಗೆಸೆಯಬೇಕೇ? ಬೇಕಾಗಿಲ್ಲ. ಪರೀಕ್ಷೆಯೆಂಬುದು ಇರುವವರೆಗೂ ಅದರ ರೀತಿಯನ್ನು ಅರಿಯುವುದು ತಪ್ಪಲ್ಲ. ಕೊನೆಯ ಒಂದು ವಾರ ಅದಕ್ಕೆ ಸಾಕು. ಕೈಯಿಂದ ಮಾಡಿದವನಿಗೆ ಉತ್ತರ ನೆನಪಾಗುವುದು ಸುಲಭ. ಉತ್ತರವನ್ನಷ್ಟೇ ನೆನಪಿಟ್ಟವನಿಗೆ ಕೆಲಸ ತಾನಾಗಿ ಬಾರದು. ಕದ್ದು ತಂದ ಪ್ರಶ್ನೆಗಳನ್ನು ಮಾರುವವರ ಮಾತು ಬೇರೆ. ದೊಡ್ಡ ಸಂಸ್ಥೆಗಳು ಅಂಥ ಸಾಮಗ್ರಿಯನ್ನು ನಿಷೇಧಿಸಿವೆ. ಅದನ್ನು ಬಳಸಿದ್ದು ಗೊತ್ತಾದರೆ ಕೊಟ್ಟ ಪ್ರಮಾಣಪತ್ರವನ್ನೇ ಹಿಂತೆಗೆದುಕೊಳ್ಳಬಲ್ಲವು. ಹಣವೂ ಹೋಗಿ ಮಾನವೂ ಹೋಗುವ ವ್ಯಾಪಾರ ಅದು.

ಮಾಸ್ತರರ ಕಷ್ಟವನ್ನೂ ಮರೆಯಬಾರದು. ಊರಿನವರು ಕೇಳುವುದು “ಎಷ್ಟು ಮಂದಿ ಪಾಸಾದರು?” ಎಂಬ ಒಂದೇ ಪ್ರಶ್ನೆ. ಅವರ ಹೊಟ್ಟೆಪಾಡು ನಿಂತಿರುವುದು ಅದರ ಉತ್ತರದ ಮೇಲೆಯೇ. ಪ್ರಶ್ನೋತ್ತರದಿಂದ ಪಾಸು ಮಾಡಿಸುವ ನೆರೆಯ ತರಗತಿಯ ಫೀ ಕಡಿಮೆ, ದಿನಗಳೂ ಕಡಿಮೆ. ಅಂಥಲ್ಲಿ 50 ಗಂಟೆಗಳ ಅಭ್ಯಾಸವನ್ನು ಪೂರ್ತಿ ಮಾಡಿಸುವೆನೆಂದು ಹಟ ಹಿಡಿಯುವ ಮಾಸ್ತರರು ನಷ್ಟಕ್ಕೂ ಸಿದ್ಧರಾಗಬೇಕಾಗುತ್ತದೆ. ಆದ್ದರಿಂದ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಪ್ರಶ್ನೆಯನ್ನು ಬದಲಿಸಿದರೆ ಅವರಿಗೆ ಬಹಳ ಸಹಾಯವಾದೀತು. ಸೇರಿಸುವ ಮೊದಲು ತರಗತಿಗೊಮ್ಮೆ ಹೋಗಿ, ಅಲ್ಲಿ ಕಲಿಯುತ್ತಿರುವ ಯಾವಳೊಬ್ಬಳನ್ನಾದರೂ, “ನಮ್ಮೂರಿನ ಹೆಸರಿನಲ್ಲಿ ಒಂದು ಅರ್ಜಿಯನ್ನು ಕನ್ನಡದಲ್ಲಿ ಬರೆದು ಅಚ್ಚು ತೆಗೆದುಕೊಡು, ತಾಯೀ” ಎಂದು ಕೇಳಲಿ. ಐದು ನಿಮಿಷಗಳಲ್ಲಿ ಕಾಗದ ಕೈಗೆ ಬಂದರೆ ಹೆಸರಿನ ಹಣವನ್ನು ಅಲ್ಲಿ ಧೈರ್ಯವಾಗಿ ಕಟ್ಟಬಹುದು.